ಅರಣ್ಯಾನಿ ಯಾರೊಡನೆ ಮಾತಾಡುತ್ತಾಳೆ?

ಋಗ್ವೇದದ ಹತ್ತನೆಯ ಮಂಡಲದ 146ನೆಯ ಸೂಕ್ತದಲ್ಲಿ ಇರುವುದು ಆರೇ ಋಕ್ಕು. ಋಷಿ ಇರಂಮದನ ಮಗ ದೇವಮುನಿ. ದೇವತೆ ಅರಣ್ಯಾನಿ, ಕಾಡಿನ ಒಡತಿ. ಇಂದ್ರನಿಗೆ, ಅಗ್ನಿಗೆ ನೂರಾರು ಸೂಕ್ತಗಳನ್ನು ಕೊಟ್ಟ ಸಂಹಿತೆಯಲ್ಲಿ ಈಕೆಗೆ ಸಿಕ್ಕಿದ್ದು ಇದೊಂದೇ. ಇದರಲ್ಲಿ ದೇವಿಗೆ ಮುಖವಿಲ್ಲ, ತೋಳಿಲ್ಲ, ರಥವಿಲ್ಲ, ಆಯುಧವಿಲ್ಲ. ಅವಳು ಇದ್ದಾಳೆಂದು ಗೊತ್ತಾಗುವುದು ಹೆಚ್ಚಾಗಿ ಕಿವಿಗೆ, ಅದೂ ಸಂಜೆಯ ಹೊತ್ತಿಗೆ. ಒಂದು ಜೀವಿ ಕೂಗುತ್ತದೆ, ಇನ್ನೊಂದು ಓಗೊಡುತ್ತದೆ. ಯಾರೋ ದನ ಕರೆದ ಹಾಗೆ, ಎಲ್ಲೋ ಮರ ಕಡಿದ ಹಾಗೆ, ಗಾಡಿಯೊಂದು ಕಿರುಗುಟ್ಟಿದ ಹಾಗೆ ಕೇಳುತ್ತದೆ. ಕತ್ತಲಾಗುವಾಗ ಕಾಡಿನಲ್ಲೇ ಉಳಿದವನಿಗೆ ಯಾರೋ ಚೀರಿದರೆಂಬ ಭ್ರಮೆಯಾಗುತ್ತದೆ. ಊರಿನ ಸುದ್ದಿಯನ್ನೇ ಕೇಳದೆ ದೂರ ದೂರ ಸರಿಯುವ ಈಕೆಗೆ ಅಂಜಿಕೆಯೇ ಇಲ್ಲವೇ ಎಂದು ಋಷಿ ಬೆರಗಾಗುತ್ತಾನೆ.

ಅವನು ಏನನ್ನೂ ಬೇಡುವುದಿಲ್ಲ. ಮಳೆ ಬೇಡ, ಹಸು ಬೇಡ, ಗಂಡುಮಕ್ಕಳು ಬೇಡ, ನೂರು ವರ್ಷದ ಆಯುಸ್ಸು ಬೇಡ. ಉತ್ತಿ ಬಿತ್ತದೆಯೇ ಅನ್ನ ಉಳ್ಳವಳು, ಮೃಗಗಳ ತಾಯಿ ಎಂದು ಹೊಗಳಿ ಸುಮ್ಮನಾಗುತ್ತಾನೆ. ದೇವತೆಗಳೊಡನೆ ಕೊಡುಕೊಳ್ಳುವ ಲೆಕ್ಕ ತುಂಬಿರುವ ಗ್ರಂಥದಲ್ಲಿ ಲೆಕ್ಕವೇ ಇಲ್ಲದ ಈ ಸ್ತುತಿ ಎದ್ದು ಕಾಣುತ್ತದೆ.

ಸಂಜೆಯ ಕಾಡಿನ ಸದ್ದು ಯಾರಿಗಾಗಿ? ಅದರಲ್ಲಿ ಮನುಷ್ಯನಿಗೆಂದು ಹೇಳಿದ ಮಾತೇನಾದರೂ ಇದೆಯೇ? ಇಲ್ಲವೆಂದಾದರೆ ಅದರ ಎದುರು ಕೈಮುಗಿಯುವುದಕ್ಕೆ ಏನು ಆಧಾರ? ದೇವಮುನಿಯ ಆರು ಋಕ್ಕುಗಳ ಹಿಂದೆ ಈ ಪ್ರಶ್ನೆಗಳಿವೆ. ಇವತ್ತು ಸಹ್ಯಾದ್ರಿಯ ಕಾಡುಗಳ ಬಗ್ಗೆ ಯೋಚಿಸುವವರು ಕೂಡ ಇವನ್ನು ದಾಟಿ ಹೋಗಲಾರರು.

ವೇದದ ಆ ಕಾಡು ಮಳೆಕಾಡಲ್ಲ, ನಿಜ. ಅದು ಉತ್ತರದ ಬಯಲಿನದು, ದನ ಮೇಯುವ, ಗಾಡಿ ಓಡಾಡುವ ಊರಿನಿಂದ ನಡೆದು ತಲುಪಬಹುದಾದದ್ದು. ಆದರೂ ಆ ಕಿವಿಯ ತಳಮಳ ಆಗುಂಬೆ, ಕುದುರೆಮುಖದ ಸುತ್ತಲಿನವರಿಗೆ ಚೆನ್ನಾಗಿ ಗೊತ್ತು. ನಿತ್ಯಹರಿದ್ವರ್ಣದ ಕಾಡಿನಲ್ಲಿ ಹಾಡಹಗಲೇ ನೋಟ ಕೆಲವು ಮಾರು ಹೋಗಿ ನಿಲ್ಲುತ್ತದೆ. ಸೂರ್ಯ ಇನ್ನೂ ಅರಬ್ಬಿ ಸಮುದ್ರದ ಮೇಲಿರುವಾಗಲೇ ಮರಗಳ ಬುಡದಲ್ಲಿ ಕತ್ತಲು ಸೇರಿರುತ್ತದೆ. ಹಗಲಿನ ಜೀವಿಗಳು ಜಾಗ ಖಾಲಿ ಮಾಡುವ ಸದ್ದು ಮೊದಲು: ಗೂಡುಮರಕ್ಕೆ ಮರಳುವ ಮಂಗಟ್ಟೆಯ ರೆಕ್ಕೆಯ ಭರಾಟೆ, ಕೆಂಜಳಿಲಿನ ಕಡೆಯ ಗದರಿಕೆ, ಮನುಷ್ಯನೇ ಹೋಗುತ್ತ ಹೋಗುತ್ತ ಸಿಳ್ಳೆ ಹಾಕಿದನೆಂದು ತಿರುಗಿ ನೋಡಿಸುವ, ಹಳ್ಳದ ದಂಡೆಯ ಮಲಬಾರ್ ಥ್ರಷ್ ಹಕ್ಕಿಯ ದನಿ. ಆಮೇಲೆ ಜೀರುಂಡೆಗಳ ಸರದಿ. ಒಂದು ಮರದಲ್ಲಿ ಎದ್ದ ಕೊರೆತ ಗುಡ್ಡದ ತುಂಬ ಹಬ್ಬಿ, ತಲೆಯೊಳಗೇ ಹೊಕ್ಕಂತಾಗಿ, ಥಟ್ಟನೆ ಕಡಿದುಹೋಗುತ್ತದೆ. ಅದು ನಿಂತಾಗಲೇ ಗೊತ್ತಾಗುವುದು, ಅದರ ಅಡಿಯಲ್ಲಿ ಚಿಮ್ಮಂಡೆಗಳು ಆಗಲೇ ಶುರುಮಾಡಿದ್ದವೆಂದು. ಮಳೆಗಾಲವಾದರೆ ಎಲೆ ಎಲೆಯ ಮೇಲಿಂದ ಪೊದೆಗಪ್ಪೆಗಳು ಟಿಕ್ ಟಿಕ್ ಎನ್ನುತ್ತವೆ. ಬಯಲಿನಂಚಿನಲ್ಲಿ ನತ್ತಿಂಗ, ಒಳಗಿನ ದಟ್ಟಣೆಯಲ್ಲಿ ಕಪ್ಪೆಬಾಯಿ ಹಕ್ಕಿ.

ಯಾಕೆ ಈ ಹೊತ್ತಿಗೇ ಇಷ್ಟೊಂದು? ಹೊತ್ತು ಮುಳುಗಿದ ಮೇಲೆ ಗಾಳಿಯ ಹೊಡೆತ ತಗ್ಗುತ್ತದೆ, ಸದ್ದು ದೂರ ಸಾಗುತ್ತದೆ. ಹಕ್ಕಿಯ ಕೊಕ್ಕಿಗೆ ಹೆದರುವ ಹುಳುವಿಗೆ ಕತ್ತಲೇ ಆಸರೆ. ಕಪ್ಪೆಯ ತೆಳು ಚರ್ಮಕ್ಕೆ ರಾತ್ರಿಯ ತೇವ ಬೇಕು. ಕೂಗುವವು ಬಹುಪಾಲು ಗಂಡುಗಳು. ಹೆಣ್ಣಿಗೆ ‘ಇಲ್ಲಿದ್ದೇನೆ’ ಎಂದು, ಪಕ್ಕದ ಗಂಡಿಗೆ ‘ದೂರವಿರು’ ಎಂದು ಹೇಳುವುದೇ ಆ ಕೂಗಿನ ಹುರುಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ಕುದುರೆಮುಖದ ಕಾಡಿನಲ್ಲಿ ರಾತ್ರಿಗಳನ್ನು ಕಳೆದು, ಚಿಮ್ಮಂಡೆ ಮತ್ತು ಎಲೆಮಿಡತೆಗಳ ಕರೆಗಳನ್ನು ಒಂದೊಂದಾಗಿ ಬಿಡಿಸಿ ಗುರುತಿಸಿದ್ದಾರೆ. ನೆಲದ ತರಗೆಲೆಯಲ್ಲಿ ಕೂತು ಕೂಗುವವು ಬೇರೆ, ಪೊದೆಯ ಮಟ್ಟದವು ಬೇರೆ, ಮರದ ನೆತ್ತಿಯವು ಬೇರೆ. ಕೂಗುವ ವೇಳೆಯೂ ಎಲ್ಲಕ್ಕೂ ಒಂದೇ ಅಲ್ಲ. ಗೊತ್ತಿಲ್ಲದ ಕಿವಿಗೆ ಪರಭಾಷೆಯ ಸಂತೆಯಂತೆ ಒಂದೇ ಗದ್ದಲವಾಗಿ ಕೇಳುವುದು, ಒಳಗೆ ನೂರಾರು ಖಾಸಗಿ ಮಾತುಕತೆ. ಚಿಮ್ಮಂಡೆಯ ಕಿವಿ ಇರುವುದು ಮುಂಗಾಲಿನ ಮೇಲೆ, ಮೊಣಕಾಲಿಗಿಂತ ಚೂರು ಕೆಳಗೆ. ಅದು ಮುಖ್ಯವಾಗಿ ತನ್ನವರ ಶ್ರುತಿಗೆ ಸ್ಪಂದಿಸುವಂತೆ ಹದಗೊಂಡಿರುತ್ತದೆ.

ಅಷ್ಟೇ ಅಲ್ಲ. ಎಲೆಮಿಡತೆಗಳಲ್ಲಿ ಹಲವು, ಬಾವಲಿಗಳಲ್ಲಿ ಬಹುಪಾಲು, ಮನುಷ್ಯನ ಕಿವಿಗೆ ನಿಲುಕದ ಎತ್ತರದ ಸ್ವರದಲ್ಲಿ ಕೂಗುತ್ತವೆ. ಪಶ್ಚಿಮಘಟ್ಟದ ಒಂದು ಜಾತಿಯ ಎಲೆಮಿಡತೆಯ ಹೆಣ್ಣು ಗಂಡಿನ ಕರೆಗೆ ಉತ್ತರ ಕೊಡುವುದು ಕೂತ ಕೊಂಬೆಯನ್ನು ಮೈಯಿಂದ ನಡುಗಿಸಿ. ಆ ನಡುಕವನ್ನು ಹಿಡಿದು ಗಂಡು ಅದರತ್ತ ನಡೆಯುತ್ತದೆ. ಗಾಳಿಯಲ್ಲಿ ಆ ಉತ್ತರ ಇಲ್ಲವೇ ಇಲ್ಲ. ತೊರೆಯ ಮೊರೆತದ ಪಕ್ಕದಲ್ಲೇ ಬಾಳುವ ಕುಣಿಯುವ ಕಪ್ಪೆಗಳು ಹಿಂಗಾಲನ್ನು ಚಾಚಿ ಬೀಸಿ ತಿಳಿಸಬೇಕಾದ್ದನ್ನು ತಿಳಿಸುತ್ತವೆ. ಈ ಕುಲಕ್ಕೆ ಸೇರಿದ ಹದಿನಾಲ್ಕು ಹೊಸ ಜಾತಿಗಳನ್ನು ಎಸ್.ಡಿ. ಬಿಜು ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದರು. ಅಂದರೆ ಕಾಡು ‘ನಿಶ್ಶಬ್ದವಾಯಿತು’ ಎಂದು ಮನುಷ್ಯ ಹೇಳುವ ಗಳಿಗೆಯಲ್ಲೂ ಮಾತುಕತೆ ನಡೆದೇ ಇರುತ್ತದೆ. ಅದು ಅವನನ್ನು ಬಿಟ್ಟು ನಡೆದಿರುತ್ತದೆ, ಅಷ್ಟೆ.

ಆ ಮಾತುಕತೆಗೆ ಬೆಲೆಯೂ ಇದೆ. ಕೂಗುವ ಗಂಡನ್ನು ಹೆಣ್ಣು ಮಾತ್ರವಲ್ಲ, ಬೇಟೆಗಾರನೂ ಕೇಳಿಸಿಕೊಳ್ಳುತ್ತಾನೆ. ಹಾಗಾಗಿ ಕೂಗುವವನೇ ಹೆಚ್ಚು ಬಲಿಯಾಗಬೇಕು ಎಂಬುದು ಎಲ್ಲರ ಎಣಿಕೆ. ರೋಹಿಣಿ ಬಾಲಕೃಷ್ಣನ್ ಮತ್ತು ಸಹಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಎಲೆಮಿಡತೆ ತಿನ್ನುವ ಬಾವಲಿಗಳ ತಂಗುದಾಣದ ಕೆಳಗೆ ಬಿದ್ದ ರೆಕ್ಕೆಗಳನ್ನು ಆಯ್ದು ನೋಡಿದರೆ, ಸದ್ದೇ ಮಾಡದ ಹೆಣ್ಣುಗಳದ್ದೇ ಹೆಚ್ಚು. ಗಂಡನ್ನು ಅರಸಿ ಹಾರಿ ಹೋಗುವ ಹೆಣ್ಣಿಗೆ ಮೌನ ರಕ್ಷಣೆ ಕೊಡಲಿಲ್ಲ. ಕಾಡಿನ ಸಂಜೆಯನ್ನು ‘ಶಾಂತಿ’ ಎಂದು ಬಣ್ಣಿಸುವ ಬರಹಗಳು ಈ ರೆಕ್ಕೆಗಳ ರಾಶಿಯನ್ನು ಒಮ್ಮೆ ನೋಡಬೇಕು. ಅಲ್ಲಿ ಹಂಬಲವಿದೆ, ಹಸಿವಿದೆ, ಸಾವಿದೆ. ಪವಿತ್ರವೆಂದು ಏನನ್ನಾದರೂ ಕರೆಯುವುದಿದ್ದರೆ ಇವನ್ನೂ ಸೇರಿಸಿಕೊಂಡೇ ಕರೆಯಬೇಕು. ದೇವಮುನಿ ಇದನ್ನು ಮರೆಮಾಚಲಿಲ್ಲ: ಅರಣ್ಯಾನಿ ತಾನಾಗಿ ಕೊಲ್ಲುವವಳಲ್ಲ, ಮೇಲೆ ಬೀಳುವ ಬೇರೆಯವರು ಇದ್ದಾರೆ ಎಂಬ ಎಚ್ಚರಿಕೆ ಅವನ ಸ್ತುತಿಯ ನಡುವೆಯೇ ಇದೆ.

ಇಂಥ ಕಾಡಿನಲ್ಲಿ ಒಬ್ಬಂಟಿಯಾಗಿ ಕೂತವನಿಗೆ ಏನಾಗುತ್ತದೆ ಎಂಬುದರ ಬಗ್ಗೆ ಅತ್ಯಂತ ಪ್ರಾಮಾಣಿಕವಾದ ಬರಹ ಪಾಲಿ ತ್ರಿಪಿಟಕದಲ್ಲಿದೆ. ಮಜ್ಝಿಮನಿಕಾಯದ ನಾಲ್ಕನೆಯ ಸುತ್ತ ‘ಭಯಭೇರವ’. ಜಾಣುಸ್ಸೋಣಿ ಎಂಬ ಬ್ರಾಹ್ಮಣ ಬುದ್ಧನ ಬಳಿ ಬಂದು, ದೂರದ ಕಾಡುಗಳಲ್ಲಿ ಒಂಟಿಯಾಗಿ ಇರುವುದು ಕಷ್ಟ, ಮನಸ್ಸು ಕೈಬಿಟ್ಟುಹೋಗುತ್ತದೆ ಎನ್ನುತ್ತಾನೆ. ಹೌದು ಎನ್ನುತ್ತಾನೆ ಬುದ್ಧ. ತಾನು ಬೋಧಿ ಪಡೆಯುವ ಮೊದಲು, ಭಯ ಹುಟ್ಟಿಸುವ ವನಗಳನ್ನೇ ಹುಡುಕಿ, ವಿಶೇಷ ತಿಥಿಗಳ ರಾತ್ರಿಗಳನ್ನೇ ಆರಿಸಿ ಅಲ್ಲಿ ತಂಗಿದ್ದನ್ನು ಹೇಳುತ್ತಾನೆ. ಪ್ರಾಣಿಯೊಂದು ಹತ್ತಿರ ಬರುತ್ತದೆ, ನವಿಲು ಒಣಕಡ್ಡಿ ಬೀಳಿಸುತ್ತದೆ, ಗಾಳಿ ತರಗೆಲೆಯನ್ನು ಅಲುಗಿಸುತ್ತದೆ. ಆ ಭಯವೇ ಬಂತೇನೋ ಎಂದು ಮನಸ್ಸು ನಡುಗುತ್ತದೆ. ಆಗ ಅವನು ಮಾಡಿದ್ದಿಷ್ಟು: ನಡೆಯುತ್ತಿದ್ದಾಗ ಭಯ ಬಂದರೆ ಅದು ಇಳಿಯುವ ತನಕ ನಡೆಯುತ್ತಲೇ ಇರುವುದು, ಕೂತಾಗ ಬಂದರೆ ಅದು ಇಳಿಯುವ ತನಕ ಏಳದಿರುವುದು. ಸದ್ದು ಯಾರದೆಂದು ಹುಡುಕಿಕೊಂಡು ಹೋದ ಪ್ರಸ್ತಾಪ ಅಲ್ಲಿಲ್ಲ. ದೆವ್ವವೆಂದು ಓಡಲೂ ಇಲ್ಲ, ದೇವರೆಂದು ಅಡ್ಡಬೀಳಲೂ ಇಲ್ಲ. ನವಿಲು ಬೀಳಿಸಿದ ಕಡ್ಡಿ ನವಿಲಿನ ವ್ಯವಹಾರ. ಅದಕ್ಕೆ ನಡುಗಿದ ಮನಸ್ಸು ಮಾತ್ರ ತನ್ನದು.

ಈ ವಿಂಗಡಣೆ ಎಷ್ಟು ಬಿಗಿಯೋ ಅಷ್ಟೇ ಒಂಟಿ. ಭೂಮಿಯ ಇನ್ನೊಂದು ಮಳೆಕಾಡಿನ ಜನ ಇದನ್ನು ಒಪ್ಪುತ್ತಿರಲಿಲ್ಲ. ಪಪುವಾ ನ್ಯೂಗಿನಿಯ ಬೊಸಾವಿ ಜ್ವಾಲಾಮುಖಿಯ ತಪ್ಪಲಲ್ಲಿ ಬಾಳುವ ಕಲುಲಿ ಜನರ ಜೊತೆ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀವನ್ ಫೆಲ್ಡ್ 1976ರಿಂದ ಒಡನಾಡಿದರು. ಅವರ ‘ಸೌಂಡ್ ಅಂಡ್ ಸೆಂಟಿಮೆಂಟ್’ ಪುಸ್ತಕ 1982ರಲ್ಲಿ ಬಂತು. ಕಲುಲಿಗಳಿಗೆ ಹಕ್ಕಿಗಳು ಸತ್ತವರ ದನಿ. ಅಕ್ಕನ ಬಳಿ ಸಿಗಡಿ ಬೇಡಿ, ಬೇಡಿ, ಸಿಗದೆ ಅಳುತ್ತ ‘ಮುನಿ’ ಎಂಬ ಹಕ್ಕಿಯಾಗಿಬಿಟ್ಟ ಹುಡುಗನ ಕಥೆ ಅವರ ಹಾಡುಗಳ ತಾಯಿಬೇರು. ಸಾವಿನ ಮನೆಯಲ್ಲಿ ಹೆಂಗಸರು ಅಳುವ ಧಾಟಿ ಆ ಹಕ್ಕಿಯ ಇಳಿಯುವ ಸ್ವರಗಳದ್ದೇ. ಹೊತ್ತು ತಿಳಿಯುವುದು, ಋತು ತಿಳಿಯುವುದು, ದಾರಿ ತಿಳಿಯುವುದು ಎಲ್ಲವೂ ಕಿವಿಯಿಂದ. ಬೊಸಾವಿಯ ಒಂದು ಇಡೀ ದಿನದ ಸದ್ದನ್ನು ಒಂದು ಗಂಟೆಯೊಳಗೆ ಹೆಣೆದು ಫೆಲ್ಡ್ 1991ರಲ್ಲಿ ‘ವಾಯ್ಸಸ್ ಆಫ್ ದಿ ರೈನ್‌ಫಾರೆಸ್ಟ್’ ಎಂಬ ಧ್ವನಿಮುದ್ರಣವನ್ನೂ ಹೊರತಂದರು.

ಹಾಗಾದರೆ ಕಲುಲಿಯ ಕಾಡು ಮನುಷ್ಯನೊಡನೆ ಮಾತಾಡುತ್ತದೆ ಎಂದಾಯಿತಲ್ಲ? ಆಯಿತು. ಆದರೆ ಆ ಮಾತು ಯಾರಿಗೂ ಬಿಟ್ಟಿ ಸಿಗುವುದಿಲ್ಲ ಎಂಬುದನ್ನು ಗಮನಿಸಬೇಕು. ಯಾವ ಹಕ್ಕಿ ಯಾವ ಮರದಲ್ಲಿ ಯಾವ ಹೊತ್ತಿಗೆ ಕೂಗುತ್ತದೆ ಎಂಬುದನ್ನು ಚಿಕ್ಕಂದಿನಿಂದ ಕಲಿತವರಿಗೆ, ತಮ್ಮವರನ್ನು ಅದೇ ಕಾಡಿನಲ್ಲಿ ಕಳೆದುಕೊಂಡವರಿಗೆ ಅಲ್ಲಿ ಬಂಧುವಿನ ದನಿ ಕೇಳುತ್ತದೆ. ವಾರಾಂತ್ಯಕ್ಕೆ ರೆಸಾರ್ಟಿಗೆ ಬಂದು ಕಾಡು ತನಗೇನೋ ಹೇಳಿತು ಎನ್ನುವವರ ಅನುಭವಕ್ಕೂ ಇದಕ್ಕೂ ಸಂಬಂಧ ಕಟ್ಟುವುದು ಕಲುಲಿಗಳಿಗೆ ಮಾಡುವ ಅನ್ಯಾಯ.

ವೇದದಲ್ಲೇ ಇನ್ನೊಂದು ದಾರಿಯೂ ಇದೆ. ಏಳನೆಯ ಮಂಡಲದ 103ನೆಯ ಸೂಕ್ತ ಕಪ್ಪೆಗಳದ್ದು, ವಸಿಷ್ಠನದು. ವರ್ಷವಿಡೀ ವ್ರತ ಹಿಡಿದು ಮಲಗಿದ್ದ ಕಪ್ಪೆಗಳು ಮೊದಲ ಮಳೆಗೆ ಎದ್ದು, ಗುರು ಹೇಳಿದ್ದನ್ನು ಶಿಷ್ಯ ಮರಳಿ ಹೇಳುವಂತೆ ಒಂದಕ್ಕೊಂದು ದನಿಗೂಡಿಸುತ್ತವೆ ಎಂಬ ಚಿತ್ರ ಅದರಲ್ಲಿದೆ. ಮ್ಯಾಕ್ಸ್ ಮುಲ್ಲರ್ ಇದನ್ನು ಪುರೋಹಿತರ ಮೇಲಿನ ವಿಡಂಬನೆ ಎಂದು ಓದಿದ. ಮಳೆಗಾಲದ ಮೊದಲ ರಾತ್ರಿ ಗದ್ದೆಬದುವಿನಲ್ಲಿ ನಿಂತು ಕೇಳಿದವರಿಗೆ ಆ ಓದು ಒಪ್ಪಿಗೆಯಾಗುವುದು ಕಷ್ಟ. ಅಕ್ಕಪಕ್ಕದ ಕಪ್ಪೆಗಳು ಒಂದರ ಮೇಲೊಂದು ಬೀಳದಂತೆ ಸರದಿಯಲ್ಲಿ ಕೂಗುವುದು ಹಲವು ಜಾತಿಗಳಲ್ಲಿ ಅಳೆದು ನೋಡಿದ ಸಂಗತಿ. ವಸಿಷ್ಠ ಅದನ್ನು ಕೇಳಿಸಿಕೊಂಡಿದ್ದ. ಆದರೆ ಅವನ ಸೂಕ್ತ ಮುಗಿಯುವುದು ಕಪ್ಪೆಗಳಿಂದ ಹಸು ಮತ್ತು ದೀರ್ಘಾಯುಸ್ಸು ಪಡೆಯುವುದರಲ್ಲಿ. ಕಪ್ಪೆಗಳ ಮಾತನ್ನು ಮನುಷ್ಯನ ಯಜ್ಞದೊಳಕ್ಕೆ ಕರೆದುಕೊಂಡದ್ದಾಯಿತು. ಕುರಾನಿನ ಹದಿನೇಳನೆಯ ಸೂರಾದ 44ನೆಯ ವಚನ ಹೀಗೆ ಒಳಗೆ ಕರೆದುಕೊಳ್ಳುವುದಿಲ್ಲ. ಇರುವುದೆಲ್ಲವೂ ದೇವರ ಮಹಿಮೆಯನ್ನು ಸಾರುತ್ತಿದೆ, ಆದರೆ ಆ ಸ್ತುತಿ ಮನುಷ್ಯರಿಗೆ ಅರ್ಥವಾಗುವುದಿಲ್ಲ ಎಂಬುದು ಅದರ ಸಾರ. ಮನುಷ್ಯನನ್ನು ಹೊರಗಿಟ್ಟೇ ಆ ಮಾತು ಪೂರ್ತಿಯಾಗುತ್ತದೆ ಎಂಬ ಧೈರ್ಯ ದೊಡ್ಡದು.

ಜೈನರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಜೋಡಿಸುತ್ತದೆ. ಗಂಗರ ಕಾಲದ ಕರ್ನಾಟಕದಲ್ಲಿ ಬಾಳಿದ ಪೂಜ್ಯಪಾದ ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯ ಮುಂತಾದವರಿಗೆ ಐದು. ಕೊನೆಯದಾಗಿ ಸೇರುವ ಐದನೆಯ ಇಂದ್ರಿಯ ಕಿವಿ. ಚಿಮ್ಮಂಡೆಯ ಮುಂಗಾಲಿನ ಕಿವಿಯನ್ನು ಕಂಡ ಮೇಲೆ ಈ ಏಣಿಯ ಮೆಟ್ಟಿಲುಗಳನ್ನು ಸರಿಪಡಿಸಬೇಕಾಗುತ್ತದೆ. ಕೀಟಲೋಕದಲ್ಲಿ ಕೇಳುವ ಶಕ್ತಿ ಹಲವು ಬಾರಿ, ಹಲವು ಅಂಗಗಳಲ್ಲಿ ಹುಟ್ಟಿಕೊಂಡಿದೆ. ಆದರೆ ಏಣಿಯನ್ನು ಕಟ್ಟಿದ ಉದ್ದೇಶಕ್ಕೆ ಅದರಿಂದ ಕುಂದಿಲ್ಲ. ಎಷ್ಟು ಇಂದ್ರಿಯವಿದ್ದರೂ ಅದು ಜೀವ, ಅದಕ್ಕೆ ನೋವಾಗುತ್ತದೆ, ಆದ್ದರಿಂದ ನಡೆಯುವವನು ತಗ್ಗಿ ನೋಡಿ ನಡೆಯಬೇಕು. ಜೈನ ನೆಲೆಗಳಾದ ಹೊಂಬುಜ, ಕಾರ್ಕಳ, ವರಂಗ, ಮೂಡಬಿದಿರೆಗಳೆಲ್ಲ ಮಳೆ ಸುರಿಯುವ ಸೀಮೆ. ಕಾಡು ಅತಿ ಹೆಚ್ಚು ಸದ್ದು ಮಾಡುವ ನಾಲ್ಕು ತಿಂಗಳಲ್ಲೇ ಮುನಿಗಳು ಸಂಚಾರ ನಿಲ್ಲಿಸಿ ಒಂದೆಡೆ ನಿಲ್ಲುತ್ತಾರೆ. ಆ ಕಾಲ ಬೇರೆ ಜೀವಿಗಳದ್ದು ಎಂದು ಒಪ್ಪಿಕೊಂಡು ತನ್ನ ಓಡಾಟವನ್ನು ತಾನೇ ಮೊಟಕು ಮಾಡಿಕೊಳ್ಳುವ ಈ ವ್ರತ, ಕಾಡಿನ ಸದ್ದಿಗೆ ಮನುಷ್ಯ ಕೊಟ್ಟಿರುವ ಅತ್ಯುತ್ತಮ ಉತ್ತರಗಳಲ್ಲಿ ಒಂದು.

ಇವೆಲ್ಲವನ್ನೂ ಮುಂದಿಟ್ಟುಕೊಂಡು ನೋಡಿದರೆ, ಕಾಡಿನ ಸಂಜೆಯ ಪಾವಿತ್ರ್ಯಕ್ಕೆ ಅದು ಮನುಷ್ಯನೊಡನೆ ಮಾತಾಡಲೇಬೇಕೆಂಬ ಷರತ್ತು ಬೇಕಿಲ್ಲ. ‘ಪ್ರಕೃತಿ ನಮಗಾಗಿ ಹಾಡುತ್ತಿದೆ’ ಎಂಬ ಮಾತು ಭಕ್ತಿಯಂತೆ ಕಂಡರೂ ಅದರ ನಡುಮಧ್ಯೆ ಕೂತಿರುವುದು ಮನುಷ್ಯನೇ. ದೇವಮುನಿಯ ಭಕ್ತಿ ಇದಕ್ಕಿಂತ ಕಠಿಣವಾದದ್ದು. ತನಗೆ ದನ ಕರೆದಂತೆ, ಮರ ಕಡಿದಂತೆ ಕೇಳಿದ್ದು ಕಿವಿಯ ತಪ್ಪು ಎಂಬ ಅರಿವು ಅವನಿಗಿದೆ. ಊರಿನ ಕಿವಿ ಕಾಡಿನಲ್ಲಿ ಊರನ್ನೇ ಕೇಳುತ್ತದೆ ಎಂದು ಅವನು ಬಲ್ಲ. ಆ ಭ್ರಮೆಗಳನ್ನೆಲ್ಲ ಒಂದೊಂದಾಗಿ ಹೇಳಿ, ಅವುಗಳ ಆಚೆ ಇರುವವಳಿಗೆ ಕೈಮುಗಿಯುತ್ತಾನೆ. ಅವಳು ಇವನನ್ನು ವಿಚಾರಿಸುವುದಿಲ್ಲ, ಅವನು ಅದಕ್ಕೆ ಕೊರಗುವುದೂ ಇಲ್ಲ. ಉತ್ತರ ಬಯಸದ ಪ್ರೀತಿಯನ್ನು ಮನುಷ್ಯರು ಪರಸ್ಪರ ತೋರುವುದೇ ಅಪರೂಪ. ಕಾಡಿನ ಮುಂದೆ ಅದು ಸಾಧ್ಯ ಎಂದು ಈ ಸೂಕ್ತ ತೋರಿಸಿಕೊಟ್ಟಿದೆ.

ಇದು ಬರೀ ಓದುಮನೆಯ ಚರ್ಚೆಯಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ. ದಕ್ಷಿಣ ಕನ್ನಡದಲ್ಲಿ ನಾಗಬನಗಳು, ಉತ್ತರ ಕನ್ನಡ ಮತ್ತು ಶಿವಮೊಗ್ಗದಲ್ಲಿ ಕಾನುಗಳು ಇವೆ. ಮರ ಕಡಿಯಬಾರದು, ಮೈಲಿಗೆಯಲ್ಲಿ ಹೊಗಬಾರದು ಎಂಬ ಕಟ್ಟಳೆಗಳು ಅವನ್ನು ಇಷ್ಟು ಕಾಲ ಕಾಪಾಡಿದವು. ಸದ್ದಿಗೆ ಮಾತ್ರ ಕಟ್ಟಳೆ ಬೇಕಿರಲಿಲ್ಲ, ಏಕೆಂದರೆ ಮನುಷ್ಯನ ಗಂಟಲು ಮತ್ತು ತಮಟೆ ಎಷ್ಟು ದೂರ ಮುಟ್ಟೀತು? ಈಗ ಬನದ ಗುಡಿ ಜೀರ್ಣೋದ್ಧಾರವಾಗುತ್ತದೆ, ಕಾಂಕ್ರೀಟು ಬರುತ್ತದೆ, ಫ್ಲಡ್‌ಲೈಟು ಬರುತ್ತದೆ, ಸಂಜೆಯ ಭಜನೆಗೆ ಧ್ವನಿವರ್ಧಕ ಬರುತ್ತದೆ. ಒಂದು ಮರವನ್ನೂ ಮುಟ್ಟಿಲ್ಲವಲ್ಲ ಎಂದು ಸಮಾಧಾನ ಪಡುವಂತಿಲ್ಲ. ಅಮೆರಿಕದ ಐಡಾಹೊ ರಾಜ್ಯದ ಬೆಟ್ಟವೊಂದರಲ್ಲಿ 2012ರಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು. ರಸ್ತೆಯೇ ಇಲ್ಲದ ಕಡೆ ಧ್ವನಿವರ್ಧಕಗಳನ್ನು ಸಾಲಾಗಿಟ್ಟು, ವಾಹನ ಸಂಚಾರದ ಸದ್ದನ್ನಷ್ಟೇ ಬಿತ್ತರಿಸಿದರು. ಸದ್ದು ಇದ್ದ ದಿನಗಳಲ್ಲಿ ಅಲ್ಲಿ ತಂಗುವ ವಲಸೆ ಹಕ್ಕಿಗಳ ಸಂಖ್ಯೆ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಡಾಂಬರಿಲ್ಲ, ಹೊಗೆಯಿಲ್ಲ, ಚಕ್ರವಿಲ್ಲ, ಸದ್ದೊಂದೇ ಸಾಕಾಯಿತು.

ಮನುಷ್ಯನ ದನಿ ಕಾಡಿನಲ್ಲಿ ಕೇಳಲೇಬಾರದು ಎಂದಲ್ಲ. ಗೋಣಿಕೊಪ್ಪದ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಕಾಡುಮಕ್ಕಳು ವೇಷ ಕಟ್ಟಿ, ಡಬ್ಬ ಬುರುಡೆ ಬಡಿಯುತ್ತ, ದೇವರನ್ನೇ ಬೈದು ಹಾಡುತ್ತಾರೆ. ಅದು ವರ್ಷಕ್ಕೊಮ್ಮೆ ನಡೆಯುವ ಹಗಲಿನ ಗದ್ದಲ. ದಿನ ಬೆಳಗಾದರೆ, ದಿನ ಸಂಜೆಯಾದರೆ ಬನವನ್ನು ತುಂಬುವ ಮೈಕಿನ ಸದ್ದು ಬೇರೆಯದೇ ಜಾತಿಯದು. ಜಪದಲ್ಲಿ ಗಟ್ಟಿಯಾಗಿ ಹೇಳುವುದಕ್ಕಿಂತ ಪಿಸುದನಿ ಮೇಲು, ಪಿಸುದನಿಗಿಂತ ಮನಸ್ಸಿನಲ್ಲೇ ಹೇಳುವುದು ಮೇಲು ಎಂದು ಧರ್ಮಶಾಸ್ತ್ರವೇ ಹೇಳಿರುವಾಗ, ಈ ಮೈಕಿಗೆ ಶಾಸ್ತ್ರದ ಬೆಂಬಲವನ್ನು ಹುಡುಕುವುದು ಕಷ್ಟ.

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ತಡೆಯುತ್ತವೆ. ಅದು ಮನುಷ್ಯನ ನಿದ್ದೆಗೆಂದು ಎಳೆದ ಗೆರೆ. ಕಾಡಿನ ಸದ್ದು ಏರುವುದು ಹೊತ್ತು ಮುಳುಗುವಾಗ. ಜೀರುಂಡೆಗಳು ಮುಗಿಸಿ ಚಿಮ್ಮಂಡೆಗಳು, ಕಪ್ಪೆಗಳು ಶುರುಮಾಡುವ, ಹೆಣ್ಣು ಗಂಡನ್ನು ಪತ್ತೆ ಹಚ್ಚಬೇಕಾದ ಆ ಮೊದಲ ಗಂಟೆಗಳು ಈ ರಾತ್ರಿ ನಿಷೇಧದ ಹೊರಗೇ ಉಳಿದಿವೆ. ದೇವರಕಾಡುಗಳ ಆಡಳಿತ ಇನ್ನೂ ಹಲವೆಡೆ ಊರವರ, ದೇವಸ್ಥಾನ ಸಮಿತಿಗಳ ಕೈಯಲ್ಲಿದೆ. ಸಂಜೆಯ ಮಂಗಳಾರತಿಗೆ ಗಂಟೆ, ಜಾಗಟೆ ಸಾಕು, ಬನದೊಳಗೆ ಮೈಕು ಮತ್ತು ಫ್ಲಡ್‌ಲೈಟು ಬೇಡ, ಮಳೆಗಾಲದ ನಾಲ್ಕು ತಿಂಗಳಂತೂ ಬೇಡವೇ ಬೇಡ ಎಂದು ಬರೆದುಕೊಳ್ಳಲು ಅವರಿಗೆ ಸರ್ಕಾರದ ಆದೇಶ ಬೇಕಾಗಿಲ್ಲ. ಮರಕ್ಕೆ ಕೊಡಲಿ ಹಾಕಬಾರದೆಂಬ ಕಟ್ಟಳೆಯನ್ನು ಮಾಡಿದವರೂ ಊರವರೇ.